ಡಬ್ಬಿಯಲ್ಲಿ ಸಿಕ್ಕ ಆಡಿನ ಹೆಜ್ಜೆ

ಕಳೆದ ವರ್ಷದ ಬೇಸಿಗೆ ರಜೆ. ಸವಣೂರಿನಲ್ಲಿರುವ ನನ್ನ ಬಾಲ್ಯದ ಗೆಳತಿ ರೆಹಾನಾ ಒಂದು ದಿನ ಫೋನ್ ಮಾಡಿ, "ಕಪಾಟ ಸ್ವಚ್ಛ ಮಾಡಾಕತ್ತಿದ್ದೆ, ಏನ್ ಸಿಕ್ಕೈತಿ ಹೇಳ ನೋಡೋಣು" ಅಂದಳು. ಸಿಕ್ಕಿದ್ದು ನಾವು ಎಂಟನೇ ತರಗತಿಯಲ್ಲಿದ್ದಾಗ ಹೋಗಿದ್ದ ಬೇಸಿಗೆ ಶಿಬಿರದ ಒಂದು ಚೀಟಿ.

ಆ ಶಿಬಿರ ನಡೆಯುತ್ತಿದ್ದುದು ತಿಳವಳ್ಳಿಯಿಂದ ಸ್ವಲ್ಪ ದೂರ, ಕೆರೆಯ ಪಕ್ಕದ ಹೆಂಚಿನ ಕಟ್ಟಡದಲ್ಲಿ. ಅಲ್ಲಿಯ ಗುರುಗಳಿಗೆ ಲೆಟರ್‌ಬಾಕ್ಸಿಂಗ್ ಎಂಬ ಆಟದ ಹುಚ್ಚು. ಒಂದು ಡಬ್ಬಿಯಲ್ಲಿ ನೋಟ್‌ಬುಕ್ಕು, ಶಾಯಿಯ ಪ್ಯಾಡು ಇಟ್ಟು ಎಲ್ಲೋ ಅಡಗಿಸಿ, ಸುಳಿವಿನ ಚೀಟಿಯನ್ನು ನಮ್ಮ ಕೈಗೆ ಕೊಡುತ್ತಿದ್ದರು. ಹುಡುಕಿದವರು ರಬ್ಬರಿನಲ್ಲಿ ತಾವೇ ಕೊರೆದ ಮುದ್ರೆಯನ್ನು ಪುಸ್ತಕದಲ್ಲಿ ಒತ್ತಿ, ಡಬ್ಬಿಯನ್ನು ಮತ್ತೆ ಅಲ್ಲೇ ಇಟ್ಟು ಬರಬೇಕು. ನನ್ನ ಮುದ್ರೆ ಮೀನು, ರೆಹಾನಾಳದು ವೀಳ್ಯದೆಲೆ. ಚೀಟಿಯಲ್ಲಿ, "ಬಾವಿಗೆ ಬೆನ್ನು ಕೊಟ್ಟು ನಲವತ್ತು ಹೆಜ್ಜೆ. ಅಲ್ಲಿಂದ ಬರೆಯುವ ಕೈ ಕಡೆ ತಿರುಗಿ ಎರಡನೇ ಹುಣಸೆಮರ" ಎಂದಿತ್ತು. ನಾನು ಎಡಗೈಯಲ್ಲಿ ಬರೆಯುವವಳು, ಎರಡೂ ಕಡೆ ಆಗ ಮರಗಿಡಗಳು ದಟ್ಟವಾಗಿದ್ದವು. ಎಡಕ್ಕೋ ಬಲಕ್ಕೋ ಎಂದು ಇಬ್ಬರೂ ಜಗಳವಾಡುತ್ತ ನಿಂತಿದ್ದಾಗಲೇ ಊರಿಗೆ ಹೊರಟ ಬಸ್ಸಿನ ಹಾರ್ನ್ ಕೇಳಿಸಿತು. ಮುದ್ರೆ ಒತ್ತದೆ ಬಂದವರು ನಾವಿಬ್ಬರೇ. ದಾರಿಯುದ್ದಕ್ಕೂ ಮಾತು ಬಿಟ್ಟಿದ್ದೆವು.

"ಮತ್ತ ಹೋಗೋಣೇನ?" ಅಂದಳು ರೆಹಾನಾ.

"ಇಷ್ಟ ವರ್ಷ ಆದ ಮ್ಯಾಲ ಡಬ್ಬಿ ಎಲ್ಲಿರತೈತಿ?"

"ಇರಲಿಕ್ಕಿಲ್ಲ ಬಿಡು. ಜಗಳಾನರ ಮುಗಸಿ ಬರೂಣು."

ಮುಂದಿನ ಭಾನುವಾರ ಅವಳು ಹಿರೇಕೆರೂರಿಗೆ ಬಸ್ಸಿನಲ್ಲಿ ಬಂದಳು. ನಾನು ಅಲ್ಲಿ ಚಿತ್ರಕಲಾ ಶಿಕ್ಷಕಿ. ನನ್ನ ಸ್ಕೂಟರಿನಲ್ಲಿ ಇಬ್ಬರೂ ಹೊರಟೆವು. ಶಿಬಿರ ನಿಂತು ಎಷ್ಟೋ ವರ್ಷಗಳಾಗಿದ್ದವು. ಕಟ್ಟಡದ ಹೆಂಚು ಅರ್ಧ ಜಾರಿತ್ತು, ಬಾವಿ ಮಾತ್ರ ಹಾಗೇ ಇತ್ತು. ನಲವತ್ತು ಹೆಜ್ಜೆ ಎಣಿಸಿ ಬಲಕ್ಕೆ ತಿರುಗಿದರೆ ಒಂದು ಹುಣಸೆಮರ ಕಂಡಿತು. ಎರಡನೆಯದರ ಬುಡ ಮಾತ್ರ ಉಳಿದಿತ್ತು. ಎಡಕ್ಕೆ ನೋಡಿದರೆ ಬರೀ ಗೋವಿನಜೋಳದ ಹೊಲ.

"ಈಗರ ಒಪ್ಪತೀಯೇನ?" ಅಂದಳು. ಒಪ್ಪಿಕೊಂಡೆ.

ಹೂಕುಂಡಕ್ಕೆಂದು ಮನೆಯಲ್ಲಿಟ್ಟಿದ್ದ ಕುರ್ಪಿಯನ್ನು ತಂದಿದ್ದೆ. ಬುಡದ ಸುತ್ತ ಮಣ್ಣು ಕೆದಕತೊಡಗಿದೆ. ಐದು ನಿಮಿಷವಾಗಿರಬಹುದು, ಬೆನ್ನ ಹಿಂದೆ ಗಂಡಸಿನ ದನಿ ಕೇಳಿತು.

"ಏನ್ ತಗ್ಯಾಕತ್ತೀರಿ ಅಕ್ಕಾರ?"

ಹೊಲದಿಂದ ಮೂವರು ಬಂದು ನಿಂತಿದ್ದರು. ಒಬ್ಬರು ಆಗಲೇ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದರು. ಗಾಬರಿಯಲ್ಲಿ ರೆಹಾನಾ, "ನಿಧಿ ಹುಡುಕೂ ಆಟರಿ" ಅಂದುಬಿಟ್ಟಳು. ಅಷ್ಟೇ ಸಾಕಾಯಿತು. ಅದೇ ವಾರ ಅಲ್ಲೆಲ್ಲೋ ಹಾಳುಗುಡಿಯ ಹಿಂದೆ ಯಾರೋ ನಿಧಿಗಾಗಿ ನೆಲ ಅಗೆದಿದ್ದರಂತೆ. ಚೀಟಿ ತೋರಿಸಿದೆವು. ಹೆಗಲ ಮೇಲೆ ಟವೆಲ್ ಹಾಕಿದ್ದವರೊಬ್ಬರು ಅದನ್ನು ಓದಿ, "ಹೆಜ್ಜಿ ಲೆಕ್ಕ ಸೈತ ಬರದಾರ ನೋಡ್ರಿ" ಎಂದು ಉಳಿದವರಿಗೆ ಹೇಳಿದರು. ನಮ್ಮ ಸಾಕ್ಷಿಯೇ ನಮ್ಮ ವಿರುದ್ಧ ತಿರುಗಿಬಿತ್ತು. ಪೊಲೀಸರಿಗೆ ಫೋನ್ ಮಾಡುವ ಮಾತು ಬಂತು. ಆ ವಿಡಿಯೋ ನನ್ನ ಶಾಲೆಯ ಮಕ್ಕಳ ಮೊಬೈಲಿಗೆ ಹೋದರೆ ಗತಿಯೇನು ಎಂದು ನೆನೆದು ಮೊಬೈಲಿಗೆ ಬೆನ್ನು ಮಾಡಿ ನಿಂತೆ.

ಆಗ ಕೆರೆಯ ಏರಿಯಿಂದ ನಾಲ್ಕು ಆಡು ಹೊಡೆದುಕೊಂಡು ಒಬ್ಬ ಅಜ್ಜಿ ಬಂದರು. ಫಕೀರವ್ವ ಅಂತ ಹೆಸರು, ಅಲ್ಲೇ ಪಕ್ಕದ ಮನೆಯವರು. ನಮ್ಮನ್ನೂ ಕುರ್ಪಿಯನ್ನೂ ನೋಡಿ ಕೇಳಿದರು: "ಡಬ್ಬಿ ಹುಡುಕ್ಯಾಡಾಕತ್ತೀರೇನವ್ವಾ?"

ಹೌದೆಂದು ಇಬ್ಬರೂ ತಲೆಯಾಡಿಸಿದೆವು. ಅವರು ಮನೆಗೆ ಹೋಗಿ, ಗೊಬ್ಬರದ ಚೀಲದಲ್ಲಿ ಸುತ್ತಿದ್ದ ಡಬ್ಬಿಯನ್ನು ತಂದು ನನ್ನ ಕೈಗಿಟ್ಟರು. ಮರ ಬಿದ್ದಾಗ ಸಿಕ್ಕಿತ್ತಂತೆ. "ಯಾರರ ಕೇಳಕೊಂತ ಬಂದ ಬರತಾರಂತ ಇಟ್ಟಿದ್ದೆ" ಅಂದರು.

ಪುಸ್ತಕ ತೆರೆದೆ. ಹೂವು, ಚಿಟ್ಟೆ, ಗಾಳಿಪಟ, ನಮ್ಮ ಜೊತೆಯ ಮಕ್ಕಳ ಮುದ್ರೆಗಳೆಲ್ಲ ಇದ್ದವು. ಅವು ಮುಗಿದ ಮೇಲಿನ ಆರು ಪುಟಗಳಲ್ಲಿ, ಪುಟಕ್ಕೊಂದರಂತೆ, ಕಪ್ಪನೆಯ ಜೋಡಿ ಗುರುತು. ಏನೆಂದು ತಿಳಿಯದೆ ಅಜ್ಜಿಯ ಮುಖ ನೋಡಿದೆ. ಅವರು ನಾಚಿಕೊಂಡರು.

"ನನಗ ಓದಾಕ ಬರಂಗಿಲ್ಲವ್ವಾ. ಬಂದಾವ್ರು ಒಂದೊಂದ ಶಿಕ್ಕಾ ಒತ್ತಾರಂತ ಗೊತ್ತಾತು. ಹುಡುಗೂರು ಬರೂದ ನಿಂತಿತ್ತು, ಹಾಳಿ ಖಾಲಿ ಬೀಳಬಾರದಂತ ವರ್ಷಕ್ಕೊಂದ ಒತ್ತೇನಿ. ನನ್ನ ಹಂತೇಕ ಶಿಕ್ಕಾ ಎಲ್ಲೈತಿ? ರೊಟ್ಟಿ ಹಂಚಿನ ಮಸಿ ಹಚ್ಚಿ ಆಡಿನ ಮರಿ ಕಾಲ ಒತ್ತಿದೆ."

ಮೊದಲು ನಕ್ಕವರು ಟವೆಲ್ಲಿನವರು. ಮೊಬೈಲಿನವರು ಪುಸ್ತಕ ನೋಡಲು ಬಗ್ಗಿದರು. "ತಪ್ಪ ತಿಳಕೊಂಡ್ವಿ, ಬ್ಯಾಸರ ಮಾಡಕೋಬ್ಯಾಡ್ರಿ" ಎಂದು ನಮ್ಮೆದುರಿಗೇ ವಿಡಿಯೋ ಅಳಿಸಿದರು. ರೆಹಾನಾ ಪರ್ಸಿನಿಂದ ತನ್ನ ಹಳೆಯ ವೀಳ್ಯದೆಲೆ ತೆಗೆದಳು. ನನ್ನ ಮೀನು ಕಳೆದು ಎಷ್ಟೋ ಕಾಲವಾಗಿತ್ತು. ಫಕೀರವ್ವ ಮನೆಯಿಂದ ಒಂದು ಬಟಾಟೆ, ಈಳಿಗೆ ತಂದುಕೊಟ್ಟರು. ಕಟ್ಟೆಯ ಮೇಲೆ ಕುಳಿತು ಹೊಸ ಮೀನು ಕೊರೆದೆ. ಹಂಚಿನ ಮಸಿಯಲ್ಲೇ ಅದ್ದಿ ಇಬ್ಬರೂ ಒತ್ತಿದೆವು.

ಇನ್ನು ಡಬ್ಬಿಯನ್ನು ಅಜ್ಜಿಗೇ ಒಪ್ಪಿಸಿ ಹೊರಡೋಣವೆಂದರೆ ಅವರು ತೆಗೆದುಕೊಳ್ಳಲಿಲ್ಲ. "ಇಷ್ಟ ವರ್ಷ ಕಾದೇನಿ ಖರೆ, ಒಂದ ಸಲಾನೂ ಹುಡುಕಿಲ್ಲ. ನೀವು ಎಲ್ಲೆರ ಮುಚ್ಚಿಡ್ರಿ, ನಾ ಹುಡುಕತೇನಿ" ಅಂದರು.

ಅವರನ್ನು ಮನೆಯೊಳಗೆ ಕಳಿಸಿ, ದನಗಳಿಗೆ ನೀರಿಡುತ್ತಿದ್ದ, ಈಗ ಬತ್ತಿದ್ದ ಕಲ್ಲುತೊಟ್ಟಿಯ ಸಂದಿಯಲ್ಲಿ ಡಬ್ಬಿ ಇಟ್ಟು ತರಗೆಲೆ ಮುಚ್ಚಿದೆವು. ಸುಳಿವನ್ನು ರೆಹಾನಾ ಬಾಯಲ್ಲೇ ಹೇಳಿದಳು: "ಒಂದ ಕಾಲಕ್ಕ ಎಲ್ಲಾರ ನೀರಡಿಕಿ ಕಳೀತಿತ್ತು, ಈಗ ತಾನ ನೀರಡಿಸಿ ಕುಂತೈತಿ."

ಫಕೀರವ್ವ ಸೀರೆ ಎತ್ತಿಕಟ್ಟಿ ನೇರ ಬಾವಿಗೆ ಹೋದರು. ಅಲ್ಲಿಲ್ಲ. ಕೆಟ್ಟ ಕೈಪಂಪಿನ ಸುತ್ತ ಬಂದರು. ಅಲ್ಲೂ ಇಲ್ಲ. ಟವೆಲ್ಲಿನವರು ತಡೆಯಲಾರದೆ, "ಯವ್ವಾ, ಆ ಕಡೆ..." ಎಂದು ಕೈ ಎತ್ತಿದರೆ, "ಬಾಯಿ ಮುಚ್ಚಕೊಂಡ ನಿಂದ್ರು, ಹೇಳಿದ್ರ ಕೆಡತೈತಿ" ಎಂದು ಗದರಿಸಿದರು. ಅರ್ಧ ಗಂಟೆ ನಾವೈವರೂ ಉತ್ತರ ಗೊತ್ತಿದ್ದೂ ಸುಮ್ಮನೆ ಅವರ ಹಿಂದೆ ನಡೆದೆವು. ನನಗಂತೂ ನಾಲ್ಕೈದು ಸಲ ತುಟಿ ಕಚ್ಚಿಕೊಳ್ಳಬೇಕಾಯಿತು. ಕೊನೆಗೆ ತೊಟ್ಟಿಯ ಮುಂದೆ ನಿಂತರು, ತಮ್ಮಷ್ಟಕ್ಕೆ ತಾವೇ ಸುಳಿವನ್ನು ಇನ್ನೊಮ್ಮೆ ಹೇಳಿಕೊಂಡರು, ಕೈ ಹಾಕಿದರು. ಡಬ್ಬಿಯನ್ನು ಎದೆಗೆ ಹಿಡಿದು ಹುಡುಗಿಯಂತೆ ನಕ್ಕರು.

ನಾನು ಹದಿನೆಂಟು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಮಗು ಒಂದು ಗೆರೆ ತಪ್ಪಿದರೆ ತಕ್ಷಣ ಪೆನ್ಸಿಲ್ ಕಸಿದು ತಿದ್ದುವ ಅಭ್ಯಾಸ ನನ್ನದು. ಆ ರಜೆಯ ನಂತರ ಹಾಗೆ ಮಾಡಲು ಕೈ ಮುಂದಾದಾಗಲೆಲ್ಲ ಫಕೀರವ್ವನ ಗದರಿಕೆ ಕೇಳಿಸುತ್ತದೆ. ಕೈಕಟ್ಟಿ ನಿಲ್ಲುತ್ತೇನೆ. ಮಗು ಇನ್ನೆರಡು ಗೆರೆ ತಪ್ಪುತ್ತದೆ, ಅಳಿಸುತ್ತದೆ, ಕೊನೆಗೆ ತಾನೇ ಸರಿ ಮಾಡಿಕೊಂಡು ತಲೆ ಎತ್ತಿ ನನ್ನನ್ನು ನೋಡುತ್ತದೆ.