ಕಾಶಿಯ ಬುಟ್ಟಿ ಯಾರ ಹೆಸರಿನಲ್ಲಿ

ಹಬ್ಬುವಾಡದ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಹೋದ ತಿಂಗಳು ಒಂದು ಹಾಳೆ ಅಂಟಿಸಿದರು: ಬೀದಿ ವ್ಯಾಪಾರದ ಗುರುತಿನ ಕಾರ್ಡು ಇಲ್ಲದ ಮಾರಾಟಗಾರರಿಗೆ ಒಳಗೆ ಪ್ರವೇಶವಿಲ್ಲ. ಓದಿ ನನಗೆ ಸಮಾಧಾನವೇ ಆಯಿತು. ಮನೆಯಲ್ಲಿ ಸಣ್ಣ ಮಗ. ಬೆಲ್ ಆದರೆ ಸಾಕು, ನನಗಿಂತ ಮೊದಲು ಬಾಗಿಲಿಗೆ ಓಡುತ್ತಾನೆ. ಕುಕ್ಕರಿನವರು, ನೀರಿನ ಫಿಲ್ಟರಿನವರು, ಬೆಡ್‌ಶೀಟಿನವರು, ಯಾರು ಎಲ್ಲಿಂದ ಬಂದವರೋ. ಈ ನಿಯಮ ಮೀನಿನ ಕಾಶಿಗೂ ತಾಗುತ್ತದೆ ಅಂತ ಮಾತ್ರ ಹೊಳೆಯಲಿಲ್ಲ. ಅವಳನ್ನು ನಾನು ಮಾರಾಟಗಾರರ ಲೆಕ್ಕಕ್ಕೆ ಸೇರಿಸಿಯೇ ಇರಲಿಲ್ಲ.

ಕಾಶಿ ಮಂಜಗುಣಿಯ ಹುಡುಗಿ, ಕೊಟ್ಟಿದ್ದು ಇಲ್ಲಿ ಬೈತಖೋಲಿಗೆ. ಮದುವೆಯ ಅರಿಶಿನ ಆರುವ ಮೊದಲೇ ಅತ್ತೆ ಬೊಮ್ಮಿ ಅವಳ ತಲೆಗೆ ಸಿಂಬಿ ಇಟ್ಟು, ಬುಟ್ಟಿ ಹೊರಿಸಿ, ತಾನು ಮೀನು ಕೊಡುತ್ತಿದ್ದ ಮನೆ ಮನೆಗೂ ಕರೆದುಕೊಂಡು ಹೋದಳಂತೆ. ‘ಇದು ನನ್ನ ಸೊಸೆ. ಇನ್ನು ಇದೇ ಬರೂದು.’ ಅಷ್ಟೇ. ಅಂದಿನಿಂದ ಆ ಮನೆಗಳು ಕಾಶಿಯವು. ಬೇರೆ ಮೀನಿನವರು ಆ ಮೆಟ್ಟಿಲು ಹತ್ತುವುದಿಲ್ಲ. ನಮ್ಮ ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟು ಎದ್ದ ಮೇಲೂ ಅದು ಬದಲಾಗಲಿಲ್ಲ. ಕಾಶಿಯೂ ನಮ್ಮ ಜೊತೆ ಮೇಲಿನ ಮಹಡಿಗೆ ಹತ್ತಿದಳು. ಬೊಮ್ಮಿಯ ಮೊಣಕಾಲು ಈಗ ಪೂರ್ತಿ ಕೈಕೊಟ್ಟಿದೆ.

ಹಾಳೆ ಅಂಟಿಸಿದ ಮರುದಿನ ನಮ್ಮ ಸೆಕ್ರೆಟರಿ ಗುರುಪ್ರಸಾದ ಗೇಟಿನಲ್ಲೇ ಅವಳನ್ನು ನಿಲ್ಲಿಸಿದರು. ಮಗನನ್ನು ಆಡಿಸುತ್ತ ನಾನೂ ಅಲ್ಲೇ ಇದ್ದೆ. ಕಾಶಿ ಸೊಂಟದ ಚೀಲದಿಂದ ಕಾರ್ಡು ತೆಗೆದು ಕೊಟ್ಟಳು.

‘ಇದರಲ್ಲಿ ಇರೋದು ನೀನಲ್ಲವಲ್ಲ.’

‘ನಮ್ಮ ಅತ್ತೆ.’

‘ಮತ್ತೆ ನಿಂದು?’

‘ಅದೇ ನಂದು. ಮನೆ ಎಲ್ಲ ನಂಗೆ ಕೊಟ್ಟಾಯ್ತು. ಕಾರ್ಡು ಒಂದು ಬೇರೆ ಮಾಡ್ತ್ರಾ?’

‘ಅತ್ತೆ ಲೈಸೆನ್ಸ್ ಇಟ್ಕೊಂಡು ನೀ ಸ್ಕೂಟಿ ಹೊಡೀತೀಯಾ?’

‘ನಂಗೆ ಸ್ಕೂಟಿ ಬತ್ತಿಲ್ಲ, ಸಾಹೇಬ್ರೆ. ಬಂದಿದ್ರೆ ಹೊಡೀತಿದ್ದೆ.’

ಗುರುಪ್ರಸಾದರಿಗೆ ನಗು ಬಂದರೂ ನಗಲಿಲ್ಲ. ಸೋಮವಾರದಿಂದ ಸರಿಯಾದ ಕಾರ್ಡು ಬೇಕು ಅಂದರು. ಮೇಲೆ ಬಂದ ಕಾಶಿ ಬಂಗಡೆ ಕೊಯ್ಯುತ್ತ, ‘ಮೂಲೆಯಲ್ಲಿ ಐಸ್ ಪೆಟ್ಟಿಗೆ ಮೀನಿನ ವ್ಯಾನು ನಿಲ್ತದೆ ಅಲ್ಲ ವೈನಿ, ಒಂದು ವಾರ ನಾ ತಪ್ಪಿದ್ರೆ ಎಲ್ಲರೂ ಅಲ್ಲಿಗೆ. ಹೋದ ಮನೆ ಮತ್ತೆ ಬತ್ತಿಲ್ಲ’ ಅಂದಳು. ಅವಳ ಕೈ ನಿಲ್ಲಲಿಲ್ಲ.

ಓದಿದವಳು ಅಂತ ನನ್ನ ಅತ್ತೆ ಮಂದಾಕಿನಿ ನನ್ನನ್ನೇ ಜೊತೆಗೆ ಕಳಿಸಿದರು. ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, ನೀರಿನ ಬಾಟಲಿ ಮರೆತು, ಕಾಶಿಯ ಹಿಂದೆ ಕಾರ್ಡು ಕೊಡುವ ನಗರಸಭೆ ಕಚೇರಿಗೆ ಹೋದೆ. ಅಲ್ಲಿದ್ದ ಸಂಧ್ಯಾ ಮೇಡಂ ತಾಳ್ಮೆಯವರು.

‘ಎಲ್ಲಿ ನಿಂತು ಮಾರ್ತೀರಿ?’

‘ನಿಲ್ಲೂದಿಲ್ಲ. ನಡೀತೆ.’

‘ಯಾವ ರಸ್ತೆಯಲ್ಲಿ?’

‘ಮೊದ್ಲು ಟೀಚರಬಾಯಿ ಮನೆ. ಆಮೇಲೆ ನಾಯಿ ಇದ್ದ ಮನೆ. ಆಮೇಲೆ ಶ್ರಾವಣದಲ್ಲಿ ಹಿತ್ತಲ ಬಾಗ್ಲಿಂದ ತಕಂಬು ಮನೆ…’

ಮೇಡಂ ಪೆನ್ನು ಕೆಳಗಿಟ್ಟು ಒಂದು ಪುಸ್ತಕ ತೆಗೆದರು. ಕಾರ್ಡು ಇನ್ನೊಬ್ಬರಿಗೆ ಕೊಡುವಂತಿಲ್ಲ. ಆದರೆ ಕಾರ್ಡಿನವರಿಗೆ ಕಾಯಿಲೆಯಾದರೆ ಅವರ ಬದಲು ಗಂಡ ಅಥವಾ ಹೆಂಡತಿ, ಇಲ್ಲವೇ ಅವರನ್ನೇ ನಂಬಿಕೊಂಡ ಮಗ ಅಥವಾ ಮಗಳು ಮಾರಬಹುದು.

‘ಸೊಸೆ?’ ನಾನು ಕೇಳಿದೆ.

‘ಸೊಸೆ ಅಂತ ಬರೆದಿಲ್ಲ.’

‘ಹಾಗಾದರೆ ಈಗ ಯಾರು ಮಾರಬೇಕು?’

‘ಇವರ ಗಂಡ ಸ್ವಂತ ದುಡಿಯೋವ್ರಾದ್ರೆ ಆಗೋದಿಲ್ಲ. ಇವರ ಮಾವ ಮಾರಬಹುದು.’

ಕಾಶಿ ಸೆರಗು ಬಾಯಿಗೆ ಹಿಡಿದು ನಕ್ಕಳು. ‘ನಮ್ಮ ಮಾವ ದೋಣಿ ಮೇಲೆ ಹುಲಿ. ಬಾಗ್ಲಲ್ಲಿ ಹೆಂಗಸರು ಚೌಕಾಸಿ ಶುರು ಮಾಡಿದ್ರೆ ಬುಟ್ಟಿ ಅಲ್ಲೇ ಬಿಟ್ಟು ಬತ್ರು.’

ಅವಳದೇ ಹೆಸರಲ್ಲಿ ಹೊಸ ಕಾರ್ಡು ಬೇಕೆಂದರೆ ಬೀದಿ ವ್ಯಾಪಾರಿಗಳ ಮುಂದಿನ ಸಮೀಕ್ಷೆಯಲ್ಲಿ ಹೆಸರು ಬರಬೇಕು. ಅದಕ್ಕೆ ಮೊದಲು, ಆಧಾರಿನಲ್ಲಿ ಇನ್ನೂ ಅಂಕೋಲೆ ತಾಲೂಕಿನ ಮಂಜಗುಣಿ ಅಂತಲೇ ಇರುವ ವಿಳಾಸ ತಿದ್ದಿಸಬೇಕು. ಅಲ್ಲಿಯವರೆಗೆ ಮಾರಬಹುದೋ ಬಾರದೋ ಅಂತ ಕೇಳಿದೆ. ‘ಬೇಡ ಅಂತ ನಾನು ಹೇಳೋದಿಲ್ಲ, ಆದ್ರೆ ಹೌದು ಅಂತ ಬರೆದೂ ಕೊಡೋಕಾಗೋದಿಲ್ಲ’ ಅಂದರು. ಆಮೇಲೆ, ‘ನಾವು ನೋಡೋದು ರಸ್ತೆ. ನಿಮ್ಮ ಗೇಟಿನ ಒಳಗಿನದು ನಿಮ್ಮ ಸೊಸೈಟಿಯವರದು’ ಅಂತಲೂ ಸೇರಿಸಿದರು. ಮಗ ಅಳಲು ಶುರು ಮಾಡಿದ್ದ. ರಸ್ತೆಯಲ್ಲಿ ನಡೆದು ಮನೆಯೊಳಗೆ ಮಾರುವವಳು ಯಾರ ನಿಯಮಕ್ಕೆ ಸೇರುತ್ತಾಳೆ? ವಾಪಸು ಬರುವ ದಾರಿಯುದ್ದ ಎರಡೂ ನಿಯಮ ಜೋಡಿಸಿ ನೋಡಿದೆ. ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು.

‘ಅತ್ತೆಗೆ ಏನಂತ ಹೇಳ್ತೀ?’ ಅಂದೆ.

‘ನೀವು ಹೇಳಿದ್ದೇ. ನಂಗೇನೂ ತಿಳಿಲಿಲ್ಲ.’

ನನಗೂ ತಿಳಿದಿರಲಿಲ್ಲ.

ಸೋಮವಾರ ಗೇಟಿನ ಮುಂದೆ ರಿಕ್ಷಾ ನಿಂತಿತು. ಮೊದಲು ಬುಟ್ಟಿ ಇಳಿಯಿತು, ಆಮೇಲೆ ಕಾಶಿ, ಅವಳ ಭುಜ ಹಿಡಿದು ಬೊಮ್ಮಿ. ಕೊರಳಲ್ಲಿ ಕಾರ್ಡು. ಬೊಮ್ಮಿ ಗೇಟಿನ ಪಕ್ಕದ ಕಟ್ಟೆ ಮೇಲೆ ಕಾಲು ಚಾಚಿ ಕೂತಳು. ಗುರುಪ್ರಸಾದ ಬಂದರು.

‘ಇದೆಂತದು ಬೊಮ್ಮಿ?’

‘ಕಾರ್ಡಿದ್ದವರೇ ಮಾರ್ಬೇಕು ಅಂದ್ರಿ ಅಲ್ಲ. ಮಾರೂದು ನಾನು. ಇದು ಹೊತ್ಕಂಡು ಹೋತದೆ.’

ಅವರು ಫೋಟೋ ನೋಡಿದರು, ಮುಖ ನೋಡಿದರು. ತಾವೇ ಬರೆದ ಹಾಳೆಯನ್ನು ಇನ್ನೊಮ್ಮೆ ಓದಿದರು. ಹೊರುವವರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

‘ದಿನಾ ಬರ್ತೀಯಾ ಹೀಗೆ?’

‘ಹಾಳೆ ಇಪ್ಪವರೆಗೆ ಬತ್ತೆ.’

ಅವರು ನನ್ನ ಕಡೆ ನೋಡಿದರು. ಕಚೇರಿಗೆ ಹೋಗಿ ಬಂದವಳು ನಾನು, ಏನಾದರೂ ಹೇಳಬಹುದು ಅಂತ. ‘ಅವರ ಬದಲು ಮಾವ ಬರಬಹುದಂತೆ’ ಅಂದೆ. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ. ಅವರು ಪಕ್ಕಕ್ಕೆ ಸರಿದರು, ಕಾಶಿ ಮೆಟ್ಟಿಲು ಹತ್ತಿದಳು.

ಬೊಮ್ಮಿಗೆ ನಾನು ಚಹಾ ತಂದುಕೊಟ್ಟೆ. ಈ ಕಾಲು ಇಟ್ಟುಕೊಂಡು ದಿನಾ ಹೇಗೆ, ನಾಳೆ ನೋವು ಜಾಸ್ತಿಯಾದರೆ, ಗುರುಪ್ರಸಾದ ಹಾಳೆ ಬದಲಿಸಿದರೆ, ಅಂತ ಒಂದೇ ಸಮನೆ ಕೇಳಿದೆ. ಅವಳು ಚಹಾ ಊದಿ ಕುಡಿದಳು.

‘ಬಾರ್ದೆ ಎಂತ ಮಾಡೂದು ತಂಗಿ? ಈಗ ಈ ಮೀನು ಕೊಡೂ ಮನೆ ಎಲ್ಲ ಬಿಟ್ರೆ, ನಾಳೆ ಕಾಶಿ ತನ್ನ ಸೊಸೆಗೆ ಎಂತ ಕೊಡ್ತದೆ?’

ಕಾಶಿಯ ಮಗ ಇನ್ನೂ ಅಂಗನವಾಡಿಗೆ ಹೋಗುವವನು. ಕಾಶಿ ಕೆಳಗೆ ಬಂದಾಗ, ಬುಧವಾರ ಆಧಾರ್ ತಿದ್ದಿಸಲು ಹೋಗೋಣ, ರೇಶನ್ ಕಾರ್ಡು ತಾ ಅಂದೆ. ಆಮೇಲೆ ರೇಶನ್ ಕಾರ್ಡಲ್ಲ, ಮದುವೆ ನೋಂದಣಿಯ ಪತ್ರ ಇರಬೇಕೇನೋ, ಕೇಳಿ ಹೇಳುತ್ತೇನೆ ಅಂದೆ.