ನಿಲ್ಲುವುದನ್ನು ಕಲಿತ ಸಿದ್ದರಾಜು

ಸಿದ್ದರಾಜು ಒಂದು ಕಡೆ ನಿಂತದ್ದನ್ನು ಅರಕೆರೆಯಲ್ಲಿ ಯಾರೂ ಕಂಡಿರಲಿಲ್ಲ. ಶ್ರೀರಂಗಪಟ್ಟಣದ ಬಸ್ಸು ಸ್ವಲ್ಪ ತಡವಾದರೆ ಮುಂದಿನ ಸ್ಟಾಪಿಗೆ ನಡೆದೇ ಹೊರಡುತ್ತಿದ್ದ. ಅರ್ಧ ದಾರಿಯಲ್ಲಿ ಬಸ್ಸು ಅವನನ್ನು ದಾಟಿ ಹೋಗುತ್ತಿತ್ತು. ಉಣ್ಣಲು ಕೂತರೂ ಮಂಡಿ ಕುಣಿಯುತ್ತಿತ್ತು. "ನೆಟ್ಗೆ ಕೂತ್ಕೊಂಡು ಉಣ್ಲಾ, ಮುದ್ದೆ ಎಲ್ಲೂ ಓಡೋಗಾಕಿಲ್ಲ" ಎಂದು ಅವರವ್ವ ಕೆಂಚಮ್ಮ ಗದರುತ್ತಿದ್ದರು. ಕಬಡ್ಡಿಯಲ್ಲಿ ಎದುರಾಳಿ ದಾಳಿಗೆ ಬಂದಾಗ ಹಿಡಿಯುವವರು ಕೈ ಕೈ ಹಿಡಿದು ನಿಲ್ಲುತ್ತಾರಲ್ಲ, ಆಗ ನನ್ನ ಪಕ್ಕ ಇವನೇ. ಇವನ ಚಡಪಡಿಕೆ ಕೈಯಿಂದ ಇಳಿದು ನನಗೂ ಅಂಟುತ್ತಿತ್ತು. ಆ ದಿನ ಮನೆಗೆ ಬಂದರೂ ನನಗೆ ಕೂರಲಾಗುತ್ತಿರಲಿಲ್ಲ.

ಎದುರಾಳಿ ವಾಪಸು ಓಡಿ ತನ್ನವರ ಕೈ ಹಿಡಿಯುವಷ್ಟರಲ್ಲಿ ಸಿದ್ದರಾಜು ಅವನ ಬೆನ್ನಿಗೇ ನುಗ್ಗಿ, ಇಬ್ಬರನ್ನೋ ಮೂವರನ್ನೋ ಮುಟ್ಟಿ ಬಂದಿರುತ್ತಿದ್ದ. ತೊಂದರೆ ಒಂದೇ. ನಡುಗೆರೆ ದಾಟುವ ಮೊದಲೇ ‘ಕಬಡ್ಡಿ ಕಬಡ್ಡಿ’ ಶುರುವಾಗಬೇಕು. ಇವನ ಕಾಲು ದಾಟಿದ ಮೇಲೆ ಬಾಯಿ ಬರುತ್ತಿತ್ತು. ನಿಯಮದ ಪ್ರಕಾರ ಅವನನ್ನು ಹಿಂದಕ್ಕೆ ಕಳಿಸಿ ಎದುರಿನವರಿಗೆ ಅಂಕ ಕೊಡಬೇಕು. ಪಾಂಡವಪುರ, ಚಿನಕುರಳಿ ಕಡೆಯ ಅಂಪೈರುಗಳು ಇವನ ಆಟ ನೋಡುವ ಆಸೆಗೆ ಕಂಡೂ ಕಾಣದಂತಿದ್ದರು.

"ಮೊದ್ಲು ಕಬಡ್ಡಿ ಅನ್ಲಾ, ಆಮೇಲೆ ಕಾಲಿಡು" ಎಂದು ನಾನು ರೇಗಿದರೆ, "ಅಂತಾ ನಿಂತ್ರೆ ಅವ್ರು ಕೈ ಕೈ ಇಡ್ಕೊಂಡ್ಬುಡ್ತಾರೆ ಕಣ್ಲಾ. ಆಮೇಲೆ ಯಾರ್ನ ಮುಟ್ಲಿ, ನಿಮ್ಮಪ್ಪನ್ನಾ?" ಎನ್ನುತ್ತಿದ್ದ.

ತೊಂಬತ್ತರ ದಶಕದ ನಡುವಿನಲ್ಲಿ ಮೈಸೂರಿನ ಒಂದು ಕಾರ್ಖಾನೆ ಅವನನ್ನು ತನ್ನ ತಂಡಕ್ಕೆ ಸೇರಿಸಿಕೊಂಡಿತು. ಒಂದು ವರ್ಷ ಸಂಬಳ ಕೊಟ್ಟು ಆಡಿಸುವುದು, ಚೆನ್ನಾಗಿ ಆಡಿದರೆ ಕೆಲಸ ಕಾಯಂ. ಕಬಡ್ಡಿಗೆ ಸಂಬಳ ಕೊಡುತ್ತಾರೆಂದು ನಮ್ಮೂರಿಗೆ ಗೊತ್ತಾದದ್ದೇ ಆಗ. ಕೆಂಚಮ್ಮ ಬೀದಿಗೆಲ್ಲ ಹುಗ್ಗಿ ಹಂಚಿದರು. ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

ಭಾನುವಾರ ಊರಿಗೆ ಬಂದರೆ ಅದೇ ಗೋಳು. "ಗೆರೆ ಅತ್ರ ನಿಲ್ಸಿ ಮೊದ್ಲು ಕಬಡ್ಡಿ ಕಬಡ್ಡಿ ಅನ್ನು ಅಂತಾರೆ ಕಣ್ಲಾ. ಕಾಲೆತ್ತಿದ್ರೆ ಕೋಚು ಸೀಟಿ ಊದ್ತಾನೆ. ತಲೆ ಕೆಟ್ಟೋಯ್ತದೆ." ಆದರೂ ಬಿಡಲಿಲ್ಲ. ಅವ್ವನ ಮುಖ ನೋಡಿಕೊಂಡು ವರ್ಷವಿಡೀ ಗೆರೆಯ ಹತ್ತಿರ ನಿಂತ.

ವರ್ಷದ ಕೊನೆಗೆ ನಾಗಮಂಗಲದಲ್ಲಿ ಪಂದ್ಯ. ಕಾಯಂ ಮಾಡುವ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೆಂಚಮ್ಮನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಮಗನ ಆಟವನ್ನು ಅವರು ನೋಡಿದ್ದು ಅದೇ ಮೊದಲು. ಒಂದು ಅಂಕದ ಹಿನ್ನಡೆಯಿತ್ತು, ಕೊನೆಯ ದಾಳಿ ಸಿದ್ದರಾಜುವಿನದು. ಎದುರಾಳಿ ವಾಪಸಾಗುತ್ತಿದ್ದ. ‘ಈಗ ನುಗ್ಲಾ!’ ಎಂದು ನನ್ನ ಜೀವವೆಲ್ಲ ಕೂಗುತ್ತಿತ್ತು. ಸಿದ್ದರಾಜು ಗೆರೆಯ ಬಳಿ ನಿಂತ. ಅಂಪೈರಿಗೆ ಕೇಳುವಂತೆ ಸ್ಪಷ್ಟವಾಗಿ ‘ಕಬಡ್ಡಿ’ ಎಂದ. ಆಮೇಲೆ ಕಾಲಿಟ್ಟ. ಅಷ್ಟರಲ್ಲಿ ಎದುರಿನವರು ಕೈ ಕೈ ಹಿಡಿದಾಗಿತ್ತು. ನಾಲ್ಕು ಜನ ಅವನನ್ನು ಕೆಡವಿಕೊಂಡರು.

"ತಪ್ಪೇನ್ ಮಾಡ್ದ ನನ್ ಮಗ?" ಎಂದು ಕೆಂಚಮ್ಮ ನನ್ನ ತೋಳು ಹಿಡಿದು ಕೇಳಿದರು. ತಪ್ಪು ಮಾಡಲಿಲ್ಲ, ಅದಕ್ಕೇ ಸೋತ ಎಂದು ಆ ತಾಯಿಗೆ ಹೇಗೆ ಹೇಳಲಿ? ಹುಡುಗನಲ್ಲಿ ಚುರುಕು ಸಾಲದು ಎಂದು ಕಾರ್ಖಾನೆಯವರು ಮನೆಗೆ ಕಳಿಸಿದರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಅವನು ಲಾರಿ ಕೆಲಸ ಹಿಡಿದು ಊರು ಬಿಡುವ ದಿನ ಬಸ್‌ಸ್ಟಾಂಡಿಗೆ ಹೋಗಿದ್ದೆ. "ಭಾನುವಾರ ಕೆ.ಆರ್. ಪೇಟೇಲಿ ಮ್ಯಾಚದೆ, ಬಾರ್ಲಾ. ಅಲ್ಲಿ ನಮ್ಮ ಅಂಪೈರೇ. ಮೊದ್ಲಿನಂಗೆ ನುಗ್ಗು, ಯಾರೂ ಕೇಳಾಕಿಲ್ಲ" ಎಂದು ಅಂಗಲಾಚಿದೆ.

ಅವನು ಚೀಲವನ್ನು ಬಸ್ಸಿನೊಳಗೆ ಎಸೆದು ತಿರುಗಿದ.

"ಮೊನ್ನೆ ಗದ್ದೆ ಬಯಲಲ್ಲಿ ಗೆರೆ ಎಳ್ದು ಒಬ್ನೇ ನೋಡ್ದೆ ಕಣ್ಲಾ. ನುಗ್ಬೇಕು ಅಂತಾನೇ ಓಡ್ದೆ. ಗೆರೆ ಬಂತು, ಕಾಲು ನಿಂತ್ಕಬುಡ್ತು."