ಅಣ್ಣ ಊದಿಟ್ಟ ಚೆಂಡು

ಹರಳೆಣ್ಣೆ ಹಚ್ಚಿದ ತೊಗಲಿನ ವಾಸನೆ ಬಂದರೆ ಈಗಲೂ ನನ್ನ ಕೈಕೆಲಸ ಅಲ್ಲಿಗೇ ನಿಲ್ಲುತ್ತದೆ. ಕೈಲಾಂಚದ ನಮ್ಮ ಮನೆ ಬಿದ್ದುಹೋಗಿ, ಕುರಿಹಟ್ಟಿ ಇದ್ದಲ್ಲಿ ಹಿಪ್ಪುನೇರಳೆ ಬೆಳೆದು ಎಷ್ಟೋ ಕಾಲವಾಯಿತು. ಆ ವಾಸನೆ ಮಾತ್ರ ನನ್ನನ್ನು ನಡುಮನೆಯ ತೊಲೆಯ ಕೆಳಗೆ ತಂದು ನಿಲ್ಲಿಸುತ್ತದೆ. ಆ ತೊಲೆಗೆ ಒಂದು ಕಾಲ್ಚೆಂಡು ತೂಗುಬಿಟ್ಟಿತ್ತು. ದಂಡಿನಲ್ಲಿ ಚಾಕರಿಗಿದ್ದ ಸೋದರಮಾವ ಬೆಂಗಳೂರಿನಿಂದ ತಂದದ್ದು. ಅದೊಂದು ಚೆಂಡಿಗಾಗಿ ಸುತ್ತಲಿನ ಊರುಗಳ ಹುಡುಗರು ರಾಗಿ ಕೊಯ್ದ ಹೊಲಗಳಲ್ಲಿ ಮಂಡಿ ತರಚಿಸಿಕೊಂಡು ಆಡುತ್ತಿದ್ದರು. ವರ್ಷಕ್ಕೊಂದು ಕಡೇ ಆಟ. ಅದರಲ್ಲಿ ಗೆದ್ದ ಊರಿಗೆ ಮುಂದಿನ ಕಡೇ ಆಟದವರೆಗೂ ಚೆಂಡು. ಅದಕ್ಕೊಂದು ಕಟ್ಟಳೆಯೂ ಇತ್ತು. ಗೆದ್ದವರ ನಾಯಕ ಅಲ್ಲೇ ಹೊಲದಲ್ಲಿ ಹಳೆಯ ಗಾಳಿ ಬಿಟ್ಟು, ಒಳಗಿನ ರಬ್ಬರು ಚೀಲಕ್ಕೆ ತನ್ನ ಬಾಯಿಂದಲೇ ಊದಿ, ದಾರ ಬಿಗಿಯಬೇಕು. ಸೋತವರ ಉಸಿರು ಗೆದ್ದವರ ಮನೆ ಹೊಗಬಾರದು ಅನ್ನುವ ಲೆಕ್ಕ. ಮೊದಮೊದಲ ಕಡೇ ಆಟಗಳನ್ನೆಲ್ಲ ಮರಳವಾಡಿಯವರೇ ಗೆದ್ದು ಬೀಗಿದ್ದರು. ನಮ್ಮೂರು ಗೆದ್ದದ್ದು ಒಂದೇ ಸಲ, ನಮ್ಮಣ್ಣ ನಾಯಕನಾಗಿದ್ದಾಗ. ಕೆನ್ನೆ ಉಬ್ಬಿಸಿ ಊದುತ್ತಿದ್ದವನನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಮಳೆಗಾಲ ಕಳೆಯುವಷ್ಟರಲ್ಲಿ ಊರೂರಿಗೇ ಜ್ವರ ಬಂತು. ಅಣ್ಣ ಹೋದ. ಅವನ ಕಂಬಳಿ, ಕುರಿ ಕಾಯುವ ಕೋಲು ಅವನ ಜೊತೆಗೇ ಮಣ್ಣಿಗೆ ಹೋದವು. ಚೆಂಡು ಉಳಿಯಿತು. ಹಾಳಾದ್ದು, ಯಾವ ಚೆಂಡಾದರೂ ತಿಂಗಳೊಪ್ಪತ್ತಿನಲ್ಲಿ ಸೊರಗುತ್ತದೆ. ಅದು ಸೊರಗಲೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಅವ್ವ ಅದನ್ನು ಅಂಗೈಯಲ್ಲಿ ಒತ್ತಿ ನೋಡುತ್ತಿದ್ದಳು. “ಮುಟ್ಟವ್ವ, ಬೆಚ್ಚಗೈತೆ,” ಎಂದು ಒಂದು ಸಂಜೆ ನನ್ನ ಕೈ ಹಿಡಿದೆಳೆದಳು. ಬೆಚ್ಚಗೇ ಇತ್ತು. ಒಲೆಯ ಕಾವಿರಬೇಕು ಅಂದುಕೊಂಡೆ. ಅಂದು ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಆಮೇಲೆ ನಾನು ಆ ತೊಲೆಯ ಕೆಳಗೆ ಮಲಗುವುದನ್ನು ಬಿಟ್ಟೆ.

ರಾಗಿ ಕೊಯ್ಲು ಮುಗಿದು ಮತ್ತೆ ಕಡೇ ಆಟ ಬಂತು. ಚೆಂಡು ಕೊಡದಿದ್ದರೆ ಊರಿನ ಮಾನ ಹೋಗುತ್ತದೆ. ಕೊಟ್ಟು ಸೋತರೆ ಮರಳವಾಡಿಯವನು ಅಣ್ಣನ ಉಸಿರನ್ನು ಹೊಲದ ಗಾಳಿಗೆ ಬಿಡುತ್ತಾನೆ. ಅವ್ವ ಅದೇ ಸಂಕಟದಲ್ಲಿ ಬೆಳಗಿನಿಂದ ಒಂದು ತುತ್ತೂ ಮುಟ್ಟಿರಲಿಲ್ಲ. ಅಣ್ಣನ ಗೆಳೆಯ ಕೆಂಪ ಬಾಗಿಲಲ್ಲಿ ನಿಂತು, “ಮರಳವಾಡಿಯೋರು ಬಂದವ್ರೆ ಕಣವ್ವ. ಚೆಂಡು ಕೊಡವ್ವ,” ಅಂದ.

“ಕೊಡ್ತೀನಿ, ಒಸಿ ಇರಪ್ಪ. ಚೆಂಡು ಊರಿಂದು. ಒಳಗಿರೋದು ನಂದು,” ಅಂದಳು ಅವ್ವ. ತೊಗಲಿನ ಲಾಡಿ ಬಿಚ್ಚಿ, ಚೀಲದ ಕೊಳವೆ ಹೊರಗೆಳೆದು, ಅದನ್ನು ಬಾಯಿಗಿಟ್ಟುಕೊಂಡು ಅಣ್ಣ ಬಿಗಿದಿದ್ದ ದಾರ ಬಿಚ್ಚಿದಳು. ಒಂದಿಷ್ಟೂ ಹೊರಗೆ ಬಿಡದೆ ಒಳಗೆಳೆದುಕೊಂಡಳು. ಅವಳ ಎದೆ ಉಬ್ಬಿದ್ದನ್ನು ನೋಡಿದೆ, ಇಳಿದದ್ದನ್ನು ನೋಡಲಿಲ್ಲ. ಕೆಂಪ ಚಪ್ಪಟೆಯಾದ ಚೆಂಡನ್ನು ಎತ್ತಿಕೊಂಡು, ತಾನೇ ಊದುತ್ತ ಹೊಲದ ಕಡೆ ಹೋದ. ನಮ್ಮವರು ಸೋತರು. ಚೆಂಡು ಮರಳವಾಡಿ ಸೇರಿದ್ದು ಮತ್ತೆ ನಮ್ಮೂರಿಗೆ ಬರಲೇ ಇಲ್ಲ.

ಅಂದು ಹೊತ್ತು ಮುಳುಗುತ್ತಿದ್ದರೂ ಕುರಿಗಳು ಗುಡ್ಡದಿಂದ ಇಳಿದಿರಲಿಲ್ಲ. ಅಣ್ಣ ಹೋದ ಮೇಲೆ ಯಾರು ಕರೆದರೂ ಅವು ಕಿವಿಗೊಡುತ್ತಿರಲಿಲ್ಲ. ಅವ್ವ ಅಂಗಳಕ್ಕೆ ಬಂದಳು. ಮಧ್ಯಾಹ್ನ ಬಿಗಿದ ತುಟಿಯನ್ನು ಇನ್ನೂ ತೆರೆದಿರಲಿಲ್ಲ. ಹುಟ್ಟಿದಾಗಿನಿಂದ ಸಿಳ್ಳೆ ಹಾಕದವಳು ತುಟಿ ಮಡಿಸಿ, ಅಣ್ಣ ಹಾಕುತ್ತಿದ್ದ ಸಿಳ್ಳೆಯನ್ನೇ ಹಾಕಿದಳು: ಉದ್ದಕ್ಕೊಂದು, ಕೊನೆಗೆ ಮೊಟಕಾಗಿ ಒಂದು. ನಿಮ್ಮ ಮನೆಯಲ್ಲೂ ಅಣ್ಣನಂಥ ಹರೆಯದವರು ಯಾರಾದರೂ ಹೋಗಿದ್ದರೆ ನೀವು ನಗುವುದಿಲ್ಲ, ನನಗೆ ಗೊತ್ತು. ಕುರಿಗಳು ಓಡೋಡಿ ಬಂದು ಅವಳ ಬಾಯಿಯತ್ತ ಮೂತಿ ಎತ್ತಿ ನಿಂತವು. ಅಣ್ಣ ಹೋದ ದಿನವೂ ಅಳದಿದ್ದ ಅವ್ವ ಅವುಗಳ ನಡುವೆ ಕುಸಿದು ಕೂತು ಅತ್ತಳು.

“ಇನ್ನೊಂದ್ಸಲ ಹಾಕವ್ವ,” ಎಂದು ನಾನು ಎಷ್ಟೋ ವರ್ಷ ಪೀಡಿಸಿದೆ. ಅವ್ವ ತುಟಿ ಮಡಿಸಿ ಊದುತ್ತಿದ್ದಳು. ಬರೀ ಗಾಳಿ ಬರುತ್ತಿತ್ತು.